ಪೋಲೋ ಜಿಟಿ ಹೋಯಿತು, ಸ್ಕಾರ್ಪಿಯೋ-ಎನ್ ಪೆಟ್ರೋಲ್ ಬಂತು

ಕಬ್ಬಿನ ಹಂಗಾಮಿನಲ್ಲಿ ಅಥಣಿ ಕಡೆ ರಾತ್ರಿ ಗಾಡಿ ಹೊಡೆದವರಿಗೆ ಈ ವಿಮರ್ಶೆಯ ಅರ್ಧ ಭಾಗ ಹೇಳದೆಯೇ ತಿಳಿಯುತ್ತದೆ. ಉಳಿದರ್ಧ ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದವರಿಗೆ. ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಎಕ್ಸ್‌ಚೇಂಜ್‌ಗೆ ಕೊಟ್ಟು ಮಹೀಂದ್ರಾ ಸ್ಕಾರ್ಪಿಯೋ-ಎನ್ ತಂದಿದ್ದೇನೆ. ಪೆಟ್ರೋಲ್, ಆಟೋಮ್ಯಾಟಿಕ್, ಝಡ್8ಎಲ್ ಎಂಬ ಮಾದರಿ. ಬೆಳಗಾವಿಯಲ್ಲಿ ಸ್ಕಾರ್ಪಿಯೋ ಅಂದರೆ ಡೀಸೆಲ್ ಅಂತಲೇ ಲೆಕ್ಕ. ಹಾಗಾಗಿ ಇಲ್ಲಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಚಹಾ ಅಂಗಡಿ ಮುಂದೆ ಗಾಡಿ ನಿಲ್ಲಿಸಿದಾಗಲೆಲ್ಲ ಯಾರಾದರೂ ಕೇಳುತ್ತಾರೆ: "ಇಷ್ಟ ದೊಡ್ಡ ಗಾಡಿ, ಪೆಟ್ರೋಲ್ ಯಾಕ ತಗೊಂಡ್ರೀ ಅಣ್ಣಾರ?" ಅದಕ್ಕೆ ಉತ್ತರ ಇಲ್ಲಿದೆ.

ಮೊದಲು ಹೋದ ಗಾಡಿಯ ಮಾತು, ಯಾಕೆಂದರೆ ಅದನ್ನು ಬಿಟ್ಟು ಇದನ್ನು ತೂಗಲಾಗದು. ಪೋಲೋ ಜಿಟಿ ಟಿಎಸ್‌ಐ ನಮ್ಮ ದೇಶಕ್ಕೆ ಬಂದದ್ದು 2013ರಲ್ಲಿ. 1.2 ಲೀಟರ್ ಟರ್ಬೋ ಪೆಟ್ರೋಲ್, ನಾಲ್ಕು ಸಿಲಿಂಡರ್, 105 ಪಿಎಸ್ ಶಕ್ತಿ, 175 ಎನ್‌ಎಂ ಟಾರ್ಕ್ (ಎಳೆತದ ಬಲ), ಜೊತೆಗೆ ಏಳು ಗೇರಿನ ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಹತ್ತು ಲಕ್ಷದೊಳಗಿನ ಗಾಡಿಗೆ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಆಗ ಅಪರೂಪ. ಒಂದು ಕ್ಲಚ್ ಬೆಸ ಗೇರುಗಳಿಗೆ, ಇನ್ನೊಂದು ಸಮ ಗೇರುಗಳಿಗೆ. ಗಾಡಿ ಮೂರರಲ್ಲಿ ಓಡುವಾಗಲೇ ನಾಲ್ಕು ಸಿದ್ಧವಾಗಿ ಕೂತಿರುತ್ತದೆ, ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ನಮ್ಮ ವಿಎಂಸಿ ಮಷಿನ್‌ನ ಟೂಲ್ ಚೇಂಜರ್ ಮುಂದಿನ ಟೂಲ್ ಹಿಡಿದು ಕಾಯುವ ಹಾಗೆ. ನಾನು ಹೈಡ್ರಾಲಿಕ್ ಸಿಲಿಂಡರ್ ಮತ್ತು ಸಕ್ಕರೆ ಕಾರ್ಖಾನೆಗಳ ಬಿಡಿಭಾಗ ಮಾಡುವವನು. ಕಬ್ಬಿಣವನ್ನು ಮೈಕ್ರಾನ್ ಲೆಕ್ಕದಲ್ಲಿ ತಿರುವುವ ಮನುಷ್ಯನಿಗೆ ಆ ಗೇರ್‌ಬಾಕ್ಸ್‌ನ ಅಚ್ಚುಕಟ್ಟುತನ ಮನಸ್ಸಿಗೆ ಹತ್ತಿಬಿಟ್ಟಿತ್ತು.

ಎರಡು ಬಾಗಿಲು, ನೆಲಕ್ಕೆ ಅಂಟಿದ ಮೈ ಇದ್ದರೆ ಮಾತ್ರ ಸ್ಪೋರ್ಟ್ಸ್ ಕಾರ್ ಅನ್ನುವವರು ಅನ್ನಲಿ. ನಮ್ಮ ಸಂಪಾದನೆಗೆ, ನಮ್ಮ ರಸ್ತೆಗೆ ಸ್ಪೋರ್ಟ್ಸ್ ಕಾರ್ ಅಂದರೆ ಅದೇ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಮಾವುಲಿ ದೇವಸ್ಥಾನಕ್ಕೆ ಕೈ ಮುಗಿದು ಮುಂದೆ ಹೊರಟರೆ ಸ್ವಲ್ಪ ದೂರದಲ್ಲೇ ತಿರುವುಗಳು ಶುರು. ಅಲ್ಲಿ ಪೋಲೋಗೆ ತಿರುವಿನೊಳಗೆ ಬ್ರೇಕ್ ಹಿಡಿಯುವ ಅಗತ್ಯ ಬೀಳುತ್ತಿರಲಿಲ್ಲ. ತಿರುವಿಗೆ ಮುಂಚೆ ಒಮ್ಮೆ ಒತ್ತಿ, ಗೇರ್ ಒಂದು ಕೆಳಗಿಳಿಸಿ, ಸ್ಟೇರಿಂಗ್ ತಿರುಗಿಸಿದರೆ ಮೂತಿ ಹೇಳಿದಲ್ಲಿಗೆ ಹೋಗುತ್ತಿತ್ತು. ಮುಂದಿನ ಬಲ ಚಕ್ರ ಬಿಳಿ ಗೆರೆಗೆ ಎಷ್ಟು ಬೆರಳು ದೂರ ಇದೆ ಅನ್ನುವುದು ಅಂಗೈಗೆ ಗೊತ್ತಾಗುತ್ತಿತ್ತು. ಸುಮಾರು 1,100 ಕಿಲೋ ತೂಕದ ಗಾಡಿ, ಕುಳಿತ ಜಾಗ ತಗ್ಗು, ಹಾಗಾಗಿ ತಿರುವಿನಲ್ಲಿ ಮೈ ವಾಲುವುದು ಕಡಿಮೆ. ಆ ಸುಖ ಸ್ಕಾರ್ಪಿಯೋದಲ್ಲಿ ಇಲ್ಲ, ಬರುವುದೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ ಕೊಟ್ಟದ್ದೇಕೆ? ಅವ್ವನ ಮೊಣಕಾಲು ಮೊದಲ ಕಾರಣ. "ಈ ತಗ್ಗಿನ ಗಾಡ್ಯಾಗಿಂದ ಏಳಾಕ ನನಗ ಇಬ್ಬರು ಬೇಕೋ ತಮ್ಮಾ" ಅನ್ನುತ್ತಿದ್ದಳು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹುಣ್ಣಿವೆಗೆ ಮನೆಮಂದಿಯೆಲ್ಲ ಹೊರಟರೆ ಎರಡು ಗಾಡಿ ಬೇಕಾಗುತ್ತಿತ್ತು. ಹಳ್ಳಿಗಳ ರೋಡ್ ಹಂಪುಗಳಿಗೆ ಎತ್ತರದ ಲೆಕ್ಕವೇ ಇಲ್ಲ. ನಾಲ್ಕು ಜನ ಕೂತಿದ್ದರೆ ಓರೆಯಾಗಿ ಹತ್ತಿಸಬೇಕು. 2022ರಲ್ಲಿ ಪೋಲೋ ಉತ್ಪಾದನೆಯೂ ನಿಂತಿತು. ಇವೆಲ್ಲ ಇದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ತೂಕ ಆ ಕಡೆ ವಾಲಿಸಿದ್ದು ಕೆಲಸ.

ಕಾರ್ಖಾನೆಯ ನುರಿಸುವ ಹಂಗಾಮು ಶುರುವಾದರೆ ನಮಗೆ ರಾತ್ರಿ ಹಗಲು ಒಂದೇ. ಮಿಲ್ ನಿಂತಿತೆಂದರೆ ಅಂಗಳದಲ್ಲಿ ಕಬ್ಬಿನ ಗಾಡಿ ಸಾಲುಗಟ್ಟುತ್ತವೆ, ಕಡಿದ ಕಬ್ಬಿನ ತೂಕ, ಸಕ್ಕರೆ ಅಂಶ ಎರಡೂ ಗಂಟೆಗಂಟೆಗೆ ಇಳಿಯುತ್ತವೆ. ಗನ್‌ಮೆಟಲ್ ಬುಷ್ (ಶಾಫ್ಟ್ ತಿರುಗಲು ಹಾಕುವ ಲೋಹದ ಬಳೆ) ತಿರುವಿ ಮುಗಿಸಿ ಡಿಕ್ಕಿಗೆ ಹಾಕಿಕೊಂಡು ಹೊರಡಬೇಕು. ರಾಯಬಾಗ, ಕುಡಚಿ ಮಾರ್ಗದಲ್ಲಿ ಅಥಣಿಗೆ. ಎರಡೇ ಗಾಡಿ ಹಿಡಿಸುವ ರಸ್ತೆ, ಎದುರಿಗೆ ಸಾಲು ಸಾಲು ಟ್ರ್ಯಾಕ್ಟರ್, ಒಂದೊಂದಕ್ಕೆ ಎರಡೆರಡು ಟ್ರೇಲರ್.

ಈಗ ಪೆಟ್ರೋಲ್ ಪ್ರಶ್ನೆಗೆ ಬರುತ್ತೇನೆ. ಅಮೆರಿಕದಲ್ಲಿ ಮಸಲ್ ಕಾರುಗಳ ಪರಂಪರೆ ಬಲವಾಗಿ ಬೇರೂರಿದ್ದು 1964ರ ಪಾಂಟಿಯಾಕ್ ಜಿಟಿಒದಿಂದ. ಮಧ್ಯಮ ಗಾತ್ರದ ಸಾಮಾನ್ಯ ಗಾಡಿ ತೆಗೆದುಕೊಂಡು ಅದರಲ್ಲಿ 6.4 ಲೀಟರಿನ ದೊಡ್ಡ ವಿ8 ಎಂಜಿನ್ ಕೂರಿಸಿದರು. ಎಂಜಿನ್ ಗಾಡಿಯ ಉದ್ದಕ್ಕೆ, ಹಿಂದಿನ ಚಕ್ರಕ್ಕೆ ಶಕ್ತಿ, ನೆಟ್ಟಗಿನ ರಸ್ತೆಯಲ್ಲಿ ಎಳೆತ, ದುಡಿಯುವವನ ಕೈಗೆ ಎಟುಕುವ ಬೆಲೆ. ಅದೇ ವರ್ಷ ಏಪ್ರಿಲ್‌ನಲ್ಲಿ ಫೋರ್ಡ್ ಮಸ್ಟಾಂಗ್ ಬಂತು. ಆ ಮಸ್ಟಾಂಗ್ ನಮ್ಮ ದೇಶದ ಶೋರೂಮಿಗೆ ಅಧಿಕೃತವಾಗಿ ಬಂದದ್ದು 2016ರಲ್ಲಿ, 5 ಲೀಟರ್ ವಿ8 ಜೊತೆ, ಎಕ್ಸ್-ಶೋರೂಮ್ 65 ಲಕ್ಷಕ್ಕೆ. ಆ ಬೆಲೆಗೆ ನನ್ನ ಹಾಗೆ ದುಡಿಯುವವನ ಲೆಕ್ಕ ಮುಗಿದೇ ಹೋಗುತ್ತದೆ. ಆದರೆ ಮೇಲೆ ಹೇಳಿದ ಪಾಕವನ್ನು ಒಂದೊಂದಾಗಿ ನೋಡಿ. ಸ್ಕಾರ್ಪಿಯೋ-ಎನ್ ಪೆಟ್ರೋಲ್‌ನಲ್ಲಿ ಎಂಜಿನ್ ಉದ್ದಕ್ಕೇ ಕೂತಿದೆ. ಶಕ್ತಿ ಹಿಂದಿನ ಚಕ್ರಗಳಿಗೆ ಮಾತ್ರ; ಫೋರ್ ವ್ಹೀಲ್ ಡ್ರೈವ್ ಬೇಕೆಂದರೆ ಡೀಸೆಲ್‌ಗೇ ಹೋಗಬೇಕು. 2 ಲೀಟರ್ ಟರ್ಬೋ, ಡೈರೆಕ್ಟ್ ಇಂಜೆಕ್ಷನ್, ಪೂರ್ತಿ ಅಲ್ಯುಮಿನಿಯಂ ಎಂಜಿನ್, 203 ಪಿಎಸ್, ಆಟೋಮ್ಯಾಟಿಕ್‌ನಲ್ಲಿ 380 ಎನ್‌ಎಂ. ನನ್ನ ಪೋಲೋಗಿಂತ ಟಾರ್ಕ್ ಎರಡು ಪಟ್ಟಿಗೂ ಮೀರಿ. ಎಂಟು ಸಿಲಿಂಡರ್ ಇಲ್ಲ, ಒಪ್ಪುತ್ತೇನೆ. ಆದರೆ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿ ಈ ನೆಲದಲ್ಲಿ ಸಿಗುವ ಮಸಲ್ ಕಾರ್ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ 380 ಎನ್‌ಎಂ ಸಿಗುವುದು ಎಂಜಿನ್ ನಿಮಿಷಕ್ಕೆ 1,750 ಸುತ್ತು ತಿರುಗಿದಾಗಿನಿಂದಲೇ. ಇದರ ಅರ್ಥ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ತಿಳಿಯುತ್ತದೆ. ಮುಂದೆ ಎರಡು ಟ್ರೇಲರ್, ಮೇಲಕ್ಕೆ ಏರಿಸಿ ಹೇರಿದ ಕಬ್ಬು, ಪಕ್ಕಕ್ಕೆ ಚಾಚಿದ ಸೋಗೆ ರಸ್ತೆಯ ಮಧ್ಯದ ಗೆರೆಯನ್ನೇ ನುಂಗಿರುತ್ತದೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪವೂ ಇಲ್ಲ, ಹೊಳೆಯುವ ಪಟ್ಟಿಯೂ ಇಲ್ಲ. ಟ್ರ್ಯಾಕ್ಟರ್ ಮೇಲಿನ ಸ್ಪೀಕರ್ ಹಾಡಿನಲ್ಲಿ ನಿಮ್ಮ ಹಾರ್ನ್ ಮುಳುಗಿಹೋಗುತ್ತದೆ. ಪೋಲೋದಲ್ಲಿ ತಗ್ಗಿನಲ್ಲಿ ಕೂತು ಮೂತಿಯನ್ನು ಅರ್ಧ ಹೊರಗೆ ಹಾಕಿದ ಮೇಲೆಯೇ ಎದುರಿನ ರಸ್ತೆ ಕಾಣುತ್ತಿತ್ತು. ಸ್ಕಾರ್ಪಿಯೋದಲ್ಲಿ ಕುಳಿತ ಎತ್ತರಕ್ಕೆ, ರಸ್ತೆ ಒಂಚೂರು ಬಲಕ್ಕೆ ಬಾಗಿದರೂ ಸಾಕು, ಟ್ರ್ಯಾಕ್ಟರಿನ ಆಚೆ ಏನಿದೆ ಎಂದು ಮೊದಲೇ ಗೊತ್ತಾಗುತ್ತದೆ. ದಾರಿ ಖಾಲಿ ಇದೆ ಅಂತಾದರೆ ಆಕ್ಸಿಲರೇಟರ್ ಪೂರ್ತಿ ತುಳಿಯುವುದು ಬೇಡ, ಮುಕ್ಕಾಲು ಸಾಕು. ಗೇರ್‌ಬಾಕ್ಸ್ ಅರೆಕ್ಷಣ ಯೋಚಿಸುತ್ತದೆ, ಒಂದು ಗೇರ್ ಕೆಳಗಿಳಿಯುತ್ತದೆ, ಹಿಂದಿನಿಂದ ಯಾರೋ ನೂಕಿದಂತೆ ಬೆನ್ನು ಸೀಟಿಗೆ ಒತ್ತುತ್ತದೆ. ಎರಡು ಟ್ರೇಲರ್ ಮತ್ತು ಟ್ರ್ಯಾಕ್ಟರ್ ದಾಟಿ ಎಡಕ್ಕೆ ಬಂದಾಗ ಇನ್ನೂ ದಾರಿ ಉಳಿದಿರುತ್ತದೆ. ಗಾಡಿ ತುಂಬ ಜನ ಇದ್ದರೂ ಅಷ್ಟೇ, ಡಿಕ್ಕಿಯಲ್ಲಿ ಬುಷ್ ಇದ್ದರೂ ಅಷ್ಟೇ. ಪೋಲೋ ಒಬ್ಬನೇ ಇದ್ದಾಗ ಚುರುಕು, ಐದು ಜನ ಕೂತರೆ ಲೆಕ್ಕ ಹಾಕಿ ಓವರ್‌ಟೇಕ್ ಮಾಡಬೇಕಿತ್ತು. ಇದಕ್ಕೆ ಭಾರ ಹೇರಿದ್ದು ಗೊತ್ತಾಗುವುದೇ ಇಲ್ಲ.

ಆ ಅರೆಕ್ಷಣದ ಯೋಚನೆಯ ಬಗ್ಗೆ ಒಂದು ಮಾತು. ಇದು ಆರು ಗೇರಿನ ಟಾರ್ಕ್ ಕನ್ವರ್ಟರ್, ಕ್ಲಚ್ ಬದಲು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಆಟೋಮ್ಯಾಟಿಕ್. ಡಿಎಸ್‌ಜಿಯಿಂದ ಬಂದವನಿಗೆ ಮೊದಮೊದಲು ನಿಧಾನ ಅನ್ನಿಸುತ್ತದೆ. ಸ್ಟೇರಿಂಗ್ ಹಿಂದೆ ಬೆರಳಿನಿಂದ ಗೇರ್ ಬದಲಿಸುವ ಪ್ಯಾಡಲ್ ಕೂಡ ಇಲ್ಲ, ಬೇಕೆಂದರೆ ಗೇರ್ ಲಿವರ್ ಪಕ್ಕಕ್ಕೆ ಎಳೆದು ಕೈಯಿಂದ ಬದಲಿಸಬೇಕು. 203 ಪಿಎಸ್ ಕೊಟ್ಟು ಪ್ಯಾಡಲ್ ಕೊಡದಿರುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಸಂಜೆ ಹೊತ್ತು ರೈಲ್ವೆ ಗೇಟ್ ಹತ್ತಿರ ಇಂಚಿಂಚು ಸರಿಯುವ ಟ್ರಾಫಿಕ್‌ನಲ್ಲಿ ಈ ಗೇರ್‌ಬಾಕ್ಸ್ ಬೆಣ್ಣೆ. ಎರಡನ್ನೂ ಅನುಭವಿಸಿ ಹೇಳುತ್ತೇನೆ, ಊರೊಳಗೆ ಇದೇ ಮೇಲು.

ಸದ್ದು? ಮಸಲ್ ಕಾರ್ ಅಂದಮೇಲೆ ಎದೆಗೆ ತಾಗುವ ಗುಡುಗು ಬೇಕು. ಅದು ಇಲ್ಲಿ ಸಿಗುವುದಿಲ್ಲ. ಕೆಳಗಿನ ಸುತ್ತಿನಲ್ಲಿ ಮೌನ, ನಾಲ್ಕು ಸಾವಿರ ದಾಟಿದ ಮೇಲೆ ದಪ್ಪ ದನಿ, ಅಷ್ಟೇ.

ತಿರುವುಗಳ ವಿಷಯಕ್ಕೆ ಮತ್ತೆ ಬರಬೇಕು, ನನ್ನಂಥವರು ಓದುವುದೇ ಅದಕ್ಕಾಗಿ. ಎತ್ತರದ, ಲ್ಯಾಡರ್ ಫ್ರೇಮಿನ (ಏಣಿಯಂಥ ಉಕ್ಕಿನ ಚೌಕಟ್ಟಿನ ಮೇಲೆ ಕೂತ) ಗಾಡಿ ವಾಲುವುದು ಅದರ ಸ್ವಭಾವ. ಪೋಲೋದ ಹಾಗೆ ತಿರುವಿಗೆ ಎಸೆದರೆ ಮೊದಲು ಮೈ ಹೊರಕ್ಕೆ ವಾಲುತ್ತದೆ, ಆಮೇಲೆ ಮೂತಿ ತಿರುಗುತ್ತದೆ. ಹಿಂದಿನ ಸೀಟಿನವರು ಹಿಡಿಕೆ ಹುಡುಕುತ್ತಾರೆ. ಇದಕ್ಕೆ ಬೇರೆ ಲಯ ಬೇಕು: ತಿರುವಿಗೆ ಬಹಳ ಮುಂಚೆ ಬ್ರೇಕ್ ಮುಗಿಸಿ, ನಿಧಾನಕ್ಕೆ ಒಳಗೆ ಹೋಗಿ, ಮೈ ಒಂದು ಕಡೆ ಒರಗಿ ನಿಂತ ಮೇಲೆ ಆಕ್ಸಿಲರೇಟರ್ ತುಳಿಯಿರಿ. ಆಗ ಹಿಂದಿನ ಚಕ್ರಗಳು ನೂಕುವ ರೀತಿ ಇದೆಯಲ್ಲ, ಅದು ಮುಂದಿನ ಚಕ್ರದ ಗಾಡಿಯಲ್ಲಿ ಎಂದೂ ಸಿಗದ ಸುಖ. ಪೋಲೋದ ಮುಂದಿನ ಚಕ್ರಗಳು ಎಳೆಯುವ ಕೆಲಸ, ತಿರುಗುವ ಕೆಲಸ ಎರಡನ್ನೂ ಮಾಡಬೇಕಿತ್ತು. ಇಲ್ಲಿ ಮುಂದಿನವು ತಿರುಗುತ್ತವೆ, ಹಿಂದಿನವು ದುಡಿಯುತ್ತವೆ. ವಂಟಮುರಿ ಘಾಟಿನ ಅಗಲ ತಿರುವುಗಳಲ್ಲಿ ಏರುತ್ತ ಹೋಗುವಾಗ ಇದು ಅತ್ಯಂತ ಚೆನ್ನಾಗಿ ಗೊತ್ತಾಗುತ್ತದೆ. ಚೋರ್ಲಾದ ಇಕ್ಕಟ್ಟಿನ ತಿರುವುಗಳಲ್ಲಿ ಮಾತ್ರ ಪೋಲೋ ನೆನಪು ಇನ್ನೂ ಕಾಡುತ್ತದೆ.

ಹಿಂದಿನ ಆಕ್ಸಲ್ ನೋಡಲು ನಾನು ಗಾಡಿಯನ್ನು ನಮ್ಮ ಶೆಡ್ಡಿನ ಪಿಟ್ ಮೇಲೆ ನಿಲ್ಲಿಸಿ ಟಾರ್ಚ್ ಹಿಡಿದು ಕೆಳಗಿಳಿದೆ. ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು (ಸಾಲಿಡ್ ಆಕ್ಸಲ್), ಕಾಯಿಲ್ ಸ್ಪ್ರಿಂಗ್, ಅದನ್ನು ಹಿಡಿಯುವ ಐದು ಲಿಂಕ್, ಜೊತೆಗೆ ವ್ಯಾಟ್ಸ್ ಲಿಂಕೇಜ್. ಜೇಮ್ಸ್ ವ್ಯಾಟ್ ತನ್ನ ಉಗಿ ಎಂಜಿನ್‌ಗಾಗಿ 1784ರಲ್ಲಿ ಪೇಟೆಂಟ್ ಮಾಡಿಸಿದ ಜೋಡಣೆ ಅದು. ನಡುವೆ ಒಂದು ತುಂಡು ತಿರುಗುತ್ತದೆ, ಅದರ ಎರಡು ತುದಿಗೆ ಎರಡು ಕಡ್ಡಿ. ಆಕ್ಸಲ್ ಮೇಲೆ ಕೆಳಗೆ ಹೋದರೂ ಅಕ್ಕಪಕ್ಕ ಸರಿಯದಂತೆ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹಿಡಿದಿಡುತ್ತದೆ. ತಗ್ಗು ಬಿದ್ದ ರಸ್ತೆಯಲ್ಲಿ ಜೋರಾಗಿ ಹೋಗುವಾಗ ಹಿಂಬದಿ ಪಕ್ಕಕ್ಕೆ ಜಿಗಿಯದೆ ಇರುವುದು ಇದರಿಂದ. ಸಣ್ಣ ಕಲ್ಲು, ಕಿತ್ತ ಡಾಂಬರಿನ ಮೇಲೆ ನಿಧಾನಕ್ಕೆ ಹೋದರೆ ಮಾತ್ರ ಮೈ ಕುಲುಕುತ್ತದೆ. ದೊಡ್ಡ ಗುಂಡಿಗಳನ್ನು ಇದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಯಾವುದು ಹೆಚ್ಚು ಎಂದು ನಿಮಗೇ ಗೊತ್ತು.

ಅವ್ವನ ಮೊಣಕಾಲಿಗೆ ಏನಾಯಿತು? ಹತ್ತಲು ಎತ್ತರ ಜಾಸ್ತಿ, ನಿಜ. ಸೈಡ್ ಸ್ಟೆಪ್ ಹಾಕಿಸಿದ ಮೇಲೆ, ಕಂಬದ ಹಿಡಿಕೆ ಹಿಡಿದು ಹತ್ತುತ್ತಾಳೆ. ಇಳಿಯುವಾಗ ಎದ್ದೇಳುವ ಕಷ್ಟವಿಲ್ಲ, ನೆಲಕ್ಕೆ ಜಾರಿದಂತೆ ಇಳಿಯುತ್ತಾಳೆ. ಎಲ್ಲ ಹಿರಿಯರಿಗೂ ಇದೇ ಆಗಬೇಕೆಂದಿಲ್ಲ. ಬುಕ್ ಮಾಡುವ ಮುಂಚೆ ಮನೆಯ ಹಿರಿಯರನ್ನು ಶೋರೂಮಿಗೆ ಕರೆದೊಯ್ದು ಹತ್ತಿಸಿ ಇಳಿಸಿ ನೋಡಿ. ಮೂರನೇ ಸಾಲು ಮಕ್ಕಳಿಗೆ ಸರಿ, ದೊಡ್ಡವರಿಗೆ ಗೋಕಾಕ ತನಕ ಸಾಕು. ಮೂರೂ ಸಾಲು ತೆರೆದರೆ ಡಿಕ್ಕಿಯಲ್ಲಿ ಕರದಂಟಿನ ಡಬ್ಬಿ ಬಿಟ್ಟು ಹೆಚ್ಚೇನೂ ಹಿಡಿಸುವುದಿಲ್ಲ. ಹಿಂದಿನ ಬಾಗಿಲು ಪಕ್ಕಕ್ಕೆ ತೆರೆಯುತ್ತದೆ. ಹಿಂದೆ ಗೋಡೆ ಇದ್ದರೆ ತೆರೆಯಲು ಬರುವುದಿಲ್ಲ, ಗೋಡೆ ಇಲ್ಲದಿದ್ದರೆ ಭಾರದ ವಸ್ತು ಒಳಗೆ ಸರಿಸಲು ಸಲೀಸು. ಗಾಡಿಗಳನ್ನು ಗುದ್ದಿಸಿ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ 2022ರಲ್ಲಿ ಇದಕ್ಕೆ ದೊಡ್ಡವರ ಸುರಕ್ಷತೆಗೆ ಐದು ಸ್ಟಾರ್ ಕೊಟ್ಟಿತ್ತು. ರಾತ್ರಿ ಕಬ್ಬಿನ ಗಾಡಿಗಳ ನಡುವೆ ಓಡಾಡುವವನಿಗೆ ಅದು ದೊಡ್ಡ ಸಮಾಧಾನ.

ಅಗಲ 1,917 ಮಿಲಿಮೀಟರ್. ಖಡೇಬಜಾರ್, ಗಣಪತ್ ಗಲ್ಲಿ ಕಡೆ ಇದನ್ನು ಒಯ್ಯುವುದು ಬಿಟ್ಟಿದ್ದೇನೆ. ಪೇಟೆ ಕೆಲಸಕ್ಕೆ ಸ್ಕೂಟರ್.

ಪೆಟ್ರೋಲ್ ಖರ್ಚು ಮುಚ್ಚಿಡುವುದಿಲ್ಲ. ಊರೊಳಗೆ ಲೀಟರಿಗೆ ಎಂಟೊಂಬತ್ತು, ಹುಬ್ಬಳ್ಳಿ ಹೆದ್ದಾರಿಯಲ್ಲಿ ಶಾಂತವಾಗಿ ಹೋದರೆ ಹನ್ನೊಂದು ಹನ್ನೆರಡು. ಪೋಲೋ ಅದೇ ದಾರಿಯಲ್ಲಿ ಹದಿನೈದರ ಹತ್ತಿರ ಕೊಡುತ್ತಿತ್ತು. ತಿಂಗಳಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿಸುವವರು ಡೀಸೆಲ್ ತೆಗೆದುಕೊಳ್ಳಿ, ಅದರಲ್ಲಿ ಎರಡನೇ ಮಾತಿಲ್ಲ. ನನ್ನ ಓಡಾಟ ಹಂಗಾಮಿನಲ್ಲಿ ಜಾಸ್ತಿ, ಉಳಿದ ತಿಂಗಳು ಮನೆಯಿಂದ ಉದ್ಯಮಬಾಗ ಅಷ್ಟೇ. ದಿನಕ್ಕೆ ನಾಲ್ಕಾರು ಕಿಲೋಮೀಟರ್ ಓಡುವ ಡೀಸೆಲ್ ಗಾಡಿಗೆ ಸೈಲೆನ್ಸರ್‌ನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಬಿಸಿಯಾಗಿ ಮಸಿ ಸುಡುವಷ್ಟು ಹೊತ್ತೇ ಸಿಗುವುದಿಲ್ಲ, ಅದು ಕಟ್ಟಿಕೊಳ್ಳುತ್ತದೆ. ಚಹಾ ಅಂಗಡಿಯ ಪ್ರಶ್ನೆಗೆ ಉಳಿದರ್ಧ ಉತ್ತರ ಇದು.

ಇನ್ನು ಎಕ್ಸ್‌ಚೇಂಜ್. ಇದರ ಬಗ್ಗೆ ಯಾರೂ ವಿವರವಾಗಿ ಬರೆಯುವುದಿಲ್ಲ, ಆದ್ದರಿಂದ ಉದ್ದಕ್ಕೆ ಬರೆಯುತ್ತೇನೆ. ಶೋರೂಮಿನಿಂದ ಬಂದ ಹುಡುಗ ಪೇಂಟ್ ಮೀಟರ್ ಹಿಡಿದು ಪ್ರತಿ ಬಾಗಿಲಿನ ಬಣ್ಣದ ದಪ್ಪ ಅಳೆದ, ಟೈರಿನ ಗೀರು ನೋಡಿದ, ಸ್ಕ್ಯಾನರ್ ಚುಚ್ಚಿ ಕೋಡ್ ಓದಿದ. ಕೆಲಸ ಅಚ್ಚುಕಟ್ಟಾಗಿತ್ತು. ಸರ್ವೀಸ್ ಬಿಲ್ಲುಗಳ ಫೈಲ್ ಕೊಟ್ಟಾಗ ಅವನ ಮುಖ ಬೆಳಗಿತು. ಮೊದಲು ಹೇಳಿದ ಬೆಲೆ ಮೇಲೆ ಏರಿತು. ಕೊಲ್ಹಾಪುರದ ಒಬ್ಬ ಪೋಲೋ ಪ್ರೇಮಿ ಇನ್ನೂ ಹೆಚ್ಚಿಗೆ ಕೊಡಲು ಸಿದ್ಧನಿದ್ದ. ಆದರೆ ರಾಜ್ಯ ದಾಟಿಸಬೇಕೆಂದರೆ ಬೆಳಗಾವಿ ಆರ್‌ಟಿಒದಿಂದ ಎನ್‌ಒಸಿ, ಅಲ್ಲಿ ಹೊಸ ತೆರಿಗೆ, ಹೊಸ ನಂಬರ್. ಎಕ್ಸ್‌ಚೇಂಜ್ ಬೋನಸ್ ಸೇರಿಸಿದರೆ ಎರಡರ ನಡುವೆ ಅಂತರ ಬಹಳ ಉಳಿಯಲಿಲ್ಲ, ಶೋರೂಮಿಗೇ ಕೊಟ್ಟೆ. ಪೋಲೋ ತೊಳೆದು ಕೊಟ್ಟ ದಿನ ನಮ್ಮ ಟರ್ನರ್ ಬಂದು ಬಾನೆಟ್ ಮೇಲೆ ಕೈಯಿಟ್ಟು, "ಸಾಹೇಬ್ರ, ಇಂಥಾ ಗಾಡಿ ಮತ್ತ ಬರೂದಿಲ್ಲರೀ" ಅಂದ. ಅವನ ಮಾತು ನಿಜ.

ನೀವು ಕೊಡುವಾಗ ಮೂರು ಕೆಲಸ ಬಿಡಬೇಡಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೈ ತೊಳೆದುಕೊಂಡರೆ ಆಗುವುದಿಲ್ಲ. ಆರ್‌ಸಿ ಹೊಸ ಮಾಲೀಕನ ಹೆಸರಿಗೆ ಆಯಿತೇ ಎಂದು ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ನೋಡುತ್ತಿರಿ. ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಹೊಣೆ ಹೊರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಎರಡನೆಯದು ನೋ ಕ್ಲೇಮ್ ಬೋನಸ್. ಅದು ಗಾಡಿಯದ್ದಲ್ಲ, ನಿಮ್ಮದು. ಹಳೆಯ ವಿಮಾ ಕಂಪನಿಯಿಂದ ಪತ್ರ ಪಡೆದು ಹೊಸ ಗಾಡಿಯ ಪಾಲಿಸಿಗೆ ಹಚ್ಚಿದರೆ, ವರ್ಷಗಟ್ಟಲೆ ಕ್ಲೇಮ್ ಮಾಡದವರಿಗೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ 50ರವರೆಗೆ ಕಡಿತ ಸಿಗುತ್ತದೆ. ನನಗೆ ಇದನ್ನು ಸೇಲ್ಸ್‌ನವರು ತಾವಾಗಿ ಹೇಳಲಿಲ್ಲ, ನಾನೇ ಕೇಳಿ ಪಡೆದೆ. ಮೂರನೆಯದು ಹಳೆಯ ಫಾಸ್ಟ್ಯಾಗ್ ಮುಚ್ಚಿಸುವುದು. ಇಲ್ಲವಾದರೆ ಹಿರೇಬಾಗೇವಾಡಿ ಟೋಲ್ ದುಡ್ಡು ನಿಮ್ಮ ಖಾತೆಯಿಂದಲೇ ಹೋಗುತ್ತದೆ.

ಬೆಲೆಯ ಮಟ್ಟಿಗೆ ಕಾದದ್ದು ಒಳ್ಳೆಯದಾಯಿತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ 50ರವರೆಗೆ ಇದ್ದದ್ದು ಶೇ 40ಕ್ಕೆ ಇಳಿಯಿತು. ಆದರೆ ನಮ್ಮ ರಾಜ್ಯದ ರಸ್ತೆ ತೆರಿಗೆ ಭಾರ ಹಾಗೇ ಇದೆ. "ಗೋವಾ ಪಾಸಿಂಗ್ ಮಾಡಸ್ರೀ, ಲಕ್ಷಗಟ್ಟಲೆ ಉಳೀತದ" ಅನ್ನುವವರು ಬೆಳಗಾವಿಯಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗೂ ಹೆಚ್ಚು ಇದ್ದರೆ ಇಲ್ಲಿಯ ನಂಬರ್ ಮಾಡಿಸಲೇಬೇಕು, ತೆರಿಗೆ ಕಟ್ಟಲೇಬೇಕು. ಗಾಡಿ ಓಡುವ ರಸ್ತೆ ಇಲ್ಲಿಯದು, ತೆರಿಗೆಯೂ ಇಲ್ಲಿಗೇ ಸಲ್ಲಬೇಕು. ಕೆಎ-22 ನಂಬರೇ ಹಾಕಿಸಿದೆ.

ಒಬ್ಬರೇ ಓಡಿಸುವವರು, ವಾರಕ್ಕೊಮ್ಮೆಯಾದರೂ ಘಾಟ್ ಇಳಿಯುವವರು, ಚೆನ್ನಾಗಿ ಇಟ್ಟ ಪೋಲೋ ಜಿಟಿ ಕೈಯಲ್ಲಿದ್ದರೆ ಕೊಡಬೇಡಿ. ಅದಕ್ಕೆ ಇದು ಬದಲಿಯಲ್ಲ. ಮನೆ ತುಂಬ ಜನ, ಕಿತ್ತ ರಸ್ತೆ, ಒಂದೇ ಗಾಡಿ, ಆದರೂ ಬಲಗಾಲಿನ ಕೆಳಗೆ ಎಳೆತ ಬೇಕೇ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸೌದಾ ನನಗೆ ಕಾಣಲಿಲ್ಲ. ಟೆಸ್ಟ್ ಡ್ರೈವ್‌ಗೆ ಶೋರೂಮಿನವರು ಹೆದ್ದಾರಿಯಲ್ಲಿ ಒಂದು ಸುತ್ತು ಹಾಕಿಸಿ ವಾಪಸ್ ಕರೆತರುತ್ತಾರೆ. ಅಲ್ಲಿ ಎಲ್ಲ ಗಾಡಿಯೂ ಚೆನ್ನಾಗಿಯೇ ಓಡುತ್ತವೆ. ಪಟ್ಟು ಹಿಡಿದು ಜಾಂಬೋಟಿ ರಸ್ತೆಗೆ ಒಯ್ಯಿರಿ, ಮನೆಯವರನ್ನೆಲ್ಲ ಕೂರಿಸಿಕೊಂಡೇ. ಹಿಂದಿನ ಸೀಟಿನಲ್ಲಿ ಕೂತವರನ್ನು ವಾಪಸ್ ಬಂದ ಮೇಲೆ ಕೇಳಿ, ಆಮೇಲೆ ಬುಕಿಂಗ್ ದುಡ್ಡು ಕೊಡಿ.